ಮೈಲೇಜ್ ಕುಸಿದರೆ ಚಾಲಕನೇ ಅಪರಾಧಿಯೆ?

ಹೈಬ್ರಿಡ್ ಕಾರಿನ ಮೈಲೇಜ್ ಕುಸಿಯಿತೆಂದು ದೂರು ಒಯ್ದವನಿಗೆ ಬಹುತೇಕ ಎಲ್ಲೆಡೆ ಸಿಗುವ ಉತ್ತರ ಒಂದೇ: ‘ನಿಮ್ಮ ಚಾಲನೆಯ ರೀತಿ ಸರಿಯಿಲ್ಲ.’ ಇಷ್ಟು ಹೇಳಿದರೆ ಮಾರಿದವನ ಹೊಣೆ ತೀರಿತು, ಇಂಧನ ಬೆರೆಸಿದವನ ಹೊಣೆ ತೀರಿತು, ಪ್ರಮಾಣಪತ್ರ ಕೊಟ್ಟವನ ಹೊಣೆಯೂ ತೀರಿತು. ಉಳಿದವನು ಸಾಲ ಮಾಡಿ ಕಾರು ಕೊಂಡು ಗದಗ, ಡಂಬಳ, ಮುಂಡರಗಿಗಳ ನಡುವೆ ಬಾಡಿಗೆ ಓಡಿಸುವ ಚಾಲಕ. ತನ್ನ ಬಲಗಾಲೇ ತಪ್ಪಿತಸ್ಥನೆಂದು ನಂಬಿ ಅವನು ಮನೆಗೆ ಮರಳುತ್ತಾನೆ. ಈ ಉತ್ತರ ಹಲವು ಬಾರಿ ಸುಳ್ಳು, ಬಹುತೇಕ ಅಪೂರ್ಣ, ಯಾವಾಗಲೂ ಅನುಕೂಲಸಿಂಧು ಎಂಬುದು ನಮ್ಮ ವಾದ.

ನಮಗೇಕೆ ಈ ಉಸಾಬರಿ?

‘ಗುಡ್ಡ ಉಳಿಸುವವರಿಗೆ ಕಾರಿನ ಮೈಲೇಜಿನ ಗೊಡವೆ ಏಕೆ? ಅದು ಉಳ್ಳವರ ಗೋಳು’ ಎಂದು ಹೇಳುವ ಗೆಳೆಯರು ನಮ್ಮಲ್ಲೇ ಇದ್ದಾರೆ. ಅವರಿಗೆ ಎರಡು ಮಾತು.

ಒಂದು, ಈ ಕಾರುಗಳನ್ನು ಮಾರುತ್ತಿರುವುದೇ ಪರಿಸರದ ಹೆಸರಿನಲ್ಲಿ. ಹಸಿರು ಎಲೆ, ನೀಲಿ ಆಕಾಶ, ನಗುವ ಮಗು, ಅದರ ಕೆಳಗೆ ಒಂದು ಅಂಕಿ. ನಮ್ಮ ಹೆಸರಿನಲ್ಲಿ ನಡೆಯುವ ವ್ಯಾಪಾರದ ಲೆಕ್ಕ ಕೇಳುವ ಹಕ್ಕು ನಮಗಲ್ಲದೆ ಇನ್ನಾರಿಗೆ?

ಎರಡು, ಅಂಕಿಯನ್ನು ಪ್ರಶ್ನಿಸುವುದನ್ನು ಕಪ್ಪತಗುಡ್ಡವೇ ನಮಗೆ ಕಲಿಸಿದೆ. 2015ರಲ್ಲಿ ಕೊಟ್ಟ ಸಂರಕ್ಷಿತ ಪ್ರದೇಶದ ಮಾನ್ಯತೆಯನ್ನು 2016ರಲ್ಲಿ ಸರ್ಕಾರ ಹಿಂಪಡೆದಾಗ ಗದಗ-ಡಂಬಳದ ತೋಂಟದ ಸಿದ್ಧಲಿಂಗ ಶ್ರೀಗಳ ಮುಂದಾಳತ್ವದಲ್ಲಿ ಈ ಸೀಮೆಯ ಜನ ಬೀದಿಗಿಳಿದರು. 2017ರಲ್ಲಿ ಮಾನ್ಯತೆ ಮರಳಿತು, 2019ರಲ್ಲಿ ಗುಡ್ಡ ವನ್ಯಜೀವಿಧಾಮವಾಯಿತು. ಗಣಿಯ ಲಾಭದ ಅಂಕಿಯನ್ನು ಕೇಳಿದೊಡನೆ ತಲೆದೂಗದೆ ‘ಇದು ಯಾರು ಅಳೆದದ್ದು, ಹೇಗೆ ಅಳೆದದ್ದು, ಏನನ್ನು ಬಿಟ್ಟು ಅಳೆದದ್ದು?’ ಎಂದು ನಾವು ಕೇಳಿದೆವು. ಅದೇ ಮೂರು ಪ್ರಶ್ನೆಗಳನ್ನು ಕಾರಿನ ಅಂಗಡಿಯಲ್ಲಿಯೂ ಪೆಟ್ರೋಲ್ ಬಂಕಿನಲ್ಲಿಯೂ ಕೇಳಬೇಕಾಗಿದೆ.

ಹೈಬ್ರಿಡ್ ಕಾರು ಕುಡಿಯುವುದು ಏನನ್ನು?

ಮೊದಲು ಒಂದು ಭ್ರಮೆ ಕಳೆಯಲಿ. ನಮ್ಮ ರಸ್ತೆಗಳಲ್ಲಿ ಸಾಮಾನ್ಯವಾಗಿ ಕಾಣುವ ಹೈಬ್ರಿಡ್ ಕಾರುಗಳಿಗೆ ವಿದ್ಯುತ್ ಪ್ಲಗ್ ಇಲ್ಲ. ಅವು ಬಳಸುವ ಪ್ರತಿಯೊಂದು ಕಿಡಿ ವಿದ್ಯುತ್ತೂ ಮೂಲದಲ್ಲಿ ತೊಟ್ಟಿಗೆ ಸುರಿದ ಇಂಧನದಿಂದಲೇ ಬಂದದ್ದು. ಬ್ರೇಕ್ ಒತ್ತಿದಾಗ ವ್ಯರ್ಥವಾಗಿ ಬಿಸಿಯಾಗಿ ಹೋಗುತ್ತಿದ್ದ ಚಲನಶಕ್ತಿಯ ಒಂದು ಪಾಲನ್ನು ಮೋಟಾರು ಮರಳಿ ವಿದ್ಯುತ್ತಾಗಿಸಿ ಬ್ಯಾಟರಿಗೆ ತುಂಬುತ್ತದೆ. ಎಂಜಿನ್ ತಿಣುಕುವ ನಿಧಾನಗತಿಯಲ್ಲಿ ಆ ವಿದ್ಯುತ್ತು ಕಾರನ್ನು ಎಳೆಯುತ್ತದೆ. ಇದು ನಿಜಕ್ಕೂ ಜಾಣ್ಮೆಯ ಯಂತ್ರ. ಆದರೆ ಅದರ ಚೀಲ ಚಿಕ್ಕದು. ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಹೈರೈಡರ್ ಹೈಬ್ರಿಡ್ ಕಾರಿನ ಬ್ಯಾಟರಿ ಸುಮಾರು 0.76 ಕಿಲೋವ್ಯಾಟ್ ಗಂಟೆಯದು. ಒಂದು ಲೀಟರ್ ಪೆಟ್ರೋಲಿನಲ್ಲಿರುವ ಶಕ್ತಿ ಸುಮಾರು 9 ಕಿಲೋವ್ಯಾಟ್ ಗಂಟೆ. ಅಂದರೆ ತುಂಬಿದ ಬ್ಯಾಟರಿಯಲ್ಲಿ ಒಂದು ಲೀಟರಿನ ಹತ್ತನೆಯ ಒಂದು ಭಾಗದಷ್ಟೂ ಶಕ್ತಿಯಿಲ್ಲ.

ನಿಂತು ಹೊರಡುವ, ಹೊರಟು ನಿಲ್ಲುವ ಪೇಟೆಯಲ್ಲಿ ಈ ಚಿಕ್ಕ ಚೀಲ ನೂರು ಬಾರಿ ತುಂಬಿ ಬರಿದಾಗುತ್ತದೆ. ಅಲ್ಲಿ ಹೈಬ್ರಿಡ್ ಗೆಲ್ಲುತ್ತದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೆದ್ದಾರಿ ಹಿಡಿದರೆ ಬ್ರೇಕಿಗೆ ಕೆಲಸವಿಲ್ಲ, ತುಂಬಿಕೊಳ್ಳಲು ಏನೂ ಇಲ್ಲ. ಹುಬ್ಬಳ್ಳಿಯ ಪೇಟೆಯಲ್ಲಿ ಓಡುತ್ತಿದ್ದ ಕಾರು ಹೊಸಪೇಟೆಯ ಹೆದ್ದಾರಿಗೆ ಬಾಡಿಗೆ ಹಿಡಿದ ತಿಂಗಳಲ್ಲಿ ಮೈಲೇಜ್ ಇಳಿದರೆ ಕೆಟ್ಟಿರುವುದು ಕಾರಲ್ಲ, ಬದಲಾಗಿರುವುದು ದಾರಿ. ಕೊಳ್ಳುವ ಮುನ್ನ ಇದನ್ನು ಹೇಳಬೇಕಾದವರು ಹೇಳಲಿಲ್ಲ ಎಂಬುದೇ ಮೊದಲ ದೂರು.

ಮೊದಲು ಅಳತೆ, ಆಮೇಲೆ ಆಪಾದನೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ವೈದ್ಯ ನಮಗೆ ಬೇಡ. ಕಾರಿನ ಪರದೆ ತೋರಿಸುವ ಮೈಲೇಜನ್ನೇ ನೆಚ್ಚಬಾರದು, ಅದು ಯಂತ್ರದ ಅಂದಾಜು. ತೊಟ್ಟಿ ತುಂಬಿಸಿ, ಓಡಿಸಿ, ಮತ್ತೆ ಅದೇ ಬಂಕಿನಲ್ಲಿ ನಳಿಕೆ ತಾನಾಗಿ ನಿಲ್ಲುವವರೆಗೆ ತುಂಬಿಸಿ, ಓಡಿದ ಕಿಲೋಮೀಟರನ್ನು ತುಂಬಿದ ಲೀಟರಿನಿಂದ ಭಾಗಿಸಬೇಕು. ಒಂದು ಬಾರಿಯ ಲೆಕ್ಕ ಲೆಕ್ಕವಲ್ಲ, ಮೂರು ನಾಲ್ಕು ತುಂಬಿಕೆಗಳ ಸರಾಸರಿ ಬೇಕು. ಪಕ್ಕದಲ್ಲೇ ದಾರಿ, ಜನ, ಎ.ಸಿ., ತಿಂಗಳು ಬರೆದಿರಬೇಕು. ಈ ಪುಸ್ತಕ ಚಾಲಕನ ಸಾಕ್ಷಿ. ಇದಿಲ್ಲದೆ ವರ್ಕ್‌ಶಾಪಿಗೆ ಹೋದವನ ಮಾತಿಗೆ ಬೆಲೆಯಿಲ್ಲ, ಇದ್ದವನನ್ನು ‘ಚಾಲನೆ ಸರಿಯಿಲ್ಲ’ ಎಂದು ಕಳುಹಿಸುವುದು ಸುಲಭವಲ್ಲ.

ಪುಸ್ತಕವೇ ರೋಗದ ಜಾತಿಯನ್ನೂ ಹೇಳುತ್ತದೆ. ಒಂದೇ ವಾರದಲ್ಲಿ ಥಟ್ಟನೆ ಕುಸಿದಿದ್ದರೆ ಆ ವಾರ ಏನು ಬದಲಾಯಿತೆಂದು ನೋಡಿ: ಟೈರೆ, ಇಂಧನವೆ, ಮೇಲ್ಛಾವಣಿಗೆ ಹಾಕಿಸಿದ ಕ್ಯಾರಿಯರೆ, ಸರ್ವಿಸ್ ವೇಳೆ ತುಂಬಿದ ಹೊಸ ಸಾಫ್ಟ್‌ವೇರೆ? ವರ್ಷದುದ್ದಕ್ಕೂ ನಿಧಾನವಾಗಿ ಇಳಿದಿದ್ದರೆ ಧೂಳು, ಸವೆತ, ಬ್ಯಾಟರಿಯ ವಯಸ್ಸು. ಬೇಸಿಗೆಯಲ್ಲಿ ಇಳಿದು ಚಳಿಗಾಲದಲ್ಲಿ ಏರಿದರೆ ಅದು ಹವಾಮಾನ.

ಕಾರಿನೊಳಗೆ ಏನೇನು ನೋಡಬೇಕು

ವರ್ಕ್‌ಶಾಪುಗಳು ಮೊದಲು ಬದಲಿಸುವುದು ಎಂಜಿನ್ನಿನ ಏರ್ ಫಿಲ್ಟರನ್ನು. ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪರೀಕ್ಷಿಸಿ ಹೇಳಿದ್ದು ಬೇರೆ. ಇಂಧನವನ್ನು ಕಂಪ್ಯೂಟರ್ ಅಳೆದು ಚಿಮ್ಮಿಸುವ ಇಂದಿನ ಎಂಜಿನ್ನುಗಳಲ್ಲಿ ಕಟ್ಟಿದ ಏರ್ ಫಿಲ್ಟರಿನಿಂದ ವೇಗವರ್ಧನೆ ಕುಂದುತ್ತದೆಯೇ ಹೊರತು ಮೈಲೇಜ್ ಹೇಳಿಕೊಳ್ಳುವಷ್ಟು ಇಳಿಯದು. ಫಿಲ್ಟರ್ ಬದಲಿಸುವುದು ಎಂಜಿನ್ನಿನ ಆಯುಷ್ಯಕ್ಕೆ ಒಳ್ಳೆಯದು, ಆದರೆ ಅದು ನಮ್ಮ ರೋಗಕ್ಕೆ ಮದ್ದಲ್ಲ.

ಹೈಬ್ರಿಡ್ ಕಾರಿನಲ್ಲಿ ನೋಡಬೇಕಾದ ಫಿಲ್ಟರ್ ಇನ್ನೊಂದಿದೆ. ಬ್ಯಾಟರಿಯನ್ನು ಗಾಳಿಯಿಂದ ತಂಪಾಗಿಸುವ ಹಲವು ಕಾರುಗಳಲ್ಲಿ ಗಾಳಿ ಎಳೆಯುವ ಕಿಂಡಿ ಹಿಂಬದಿಯ ಆಸನದ ಬಳಿ ಇರುತ್ತದೆ. ನಮ್ಮ ಎರಿ ನೆಲದ ನುಣುಪು ಧೂಳು ಅಲ್ಲಿ ಕಟ್ಟಿಕೊಂಡರೆ, ಇಲ್ಲವೆ ಸಂತೆಯ ಚೀಲವನ್ನು ಅದಕ್ಕೆ ಒತ್ತಿ ಇಟ್ಟರೆ, ಬ್ಯಾಟರಿ ಕಾಯುತ್ತದೆ. ಕಾದ ಬ್ಯಾಟರಿಯನ್ನು ಉಳಿಸಲೆಂದು ಕಂಪ್ಯೂಟರು ಅದರ ಕೊಡು-ಕೊಳ್ಳುವಿಕೆಯನ್ನು ಮಿತಿಗೊಳಿಸುತ್ತದೆ. ಆಗ ಎಂಜಿನ್ ಹೆಚ್ಚು ದುಡಿಯುತ್ತದೆ, ಮೈಲೇಜ್ ಇಳಿಯುತ್ತದೆ, ಬಹಳ ಕಾಲ ಯಾವ ದೀಪವೂ ಹೊತ್ತದಿರಬಹುದು. ಧೂಳಿನ ಊರಿನಲ್ಲಿ ಈ ಜಾಳಿಗೆಯನ್ನು ಆಗಾಗ ಸ್ವಚ್ಛಮಾಡುವುದು ಕೆಲವೇ ನಿಮಿಷಗಳ ಕೆಲಸ.

ಇನ್ನು ಟೈರು. ನಾಲ್ಕೂ ಟೈರುಗಳ ಗಾಳಿ ಸರಾಸರಿ ಒಂದು ಪಿಎಸ್‌ಐ ಇಳಿದರೆ ಮೈಲೇಜ್ ಸುಮಾರು ಶೇ. 0.2ರಷ್ಟು ಕುಂದುತ್ತದೆಂದು ಅಮೆರಿಕದ ಇಂಧನ ಇಲಾಖೆಯ ಲೆಕ್ಕ. ಇದು ಚಿಕ್ಕದು. ದೊಡ್ಡ ಏಟು ಬೀಳುವುದು ಟೈರು ಬದಲಿಸಿದಾಗ. ಕಾರಿನೊಡನೆ ಬರುವ ಟೈರುಗಳು ಸಾಮಾನ್ಯವಾಗಿ ಉರುಳುವಾಗ ಕಡಿಮೆ ತಡೆಯೊಡ್ಡುವಂಥವು. ಅಗ್ಗವೆಂದು ಒರಟು ಟೈರು ಹಾಕಿಸಿದ ದಿನದಿಂದ ಎಂಜಿನ್ನು ಅದರ ಸುಂಕ ಕಟ್ಟುತ್ತಲೇ ಇರುತ್ತದೆ. ಕೈಪಿಡಿ ಹೇಳಿದ ತೆಳು ಎಣ್ಣೆಯ ಬದಲು ದಪ್ಪ ಎಣ್ಣೆ ಸುರಿದರೂ ಹಾಗೆಯೇ.

ಬ್ರೇಕಿನ ವಿಷಯದಲ್ಲಿ ಹೈಬ್ರಿಡ್‌ನದೊಂದು ವಿಚಿತ್ರ ಕಾಯಿಲೆಯಿದೆ. ವೇಗ ತಗ್ಗಿಸುವ ಕೆಲಸವನ್ನು ಹೆಚ್ಚಾಗಿ ಮೋಟಾರೇ ಮಾಡುವುದರಿಂದ ಚಕ್ರದ ಬ್ರೇಕುಗಳಿಗೆ ಕೆಲಸ ಕಡಿಮೆ. ಬಳಕೆಯಿಲ್ಲದ ಪಿನ್ನುಗಳು ತುಕ್ಕು, ಧೂಳು ಹಿಡಿದು ಬಿಗಿಯುತ್ತವೆ. ಆಗ ಬ್ರೇಕು ಸದಾ ಸ್ವಲ್ಪ ಹಿಡಿದುಕೊಂಡೇ ಇರುತ್ತದೆ. ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ, ಬ್ರೇಕ್ ಹೆಚ್ಚು ಒತ್ತದೆ ನಿಲ್ಲಿಸಿ, ಪ್ರತಿ ಚಕ್ರದ ಬಳಿ ಮುಟ್ಟದೆ ಕೈ ಹಿಡಿದು ನೋಡಿ. ಒಂದೇ ಚಕ್ರ ಉಳಿದವಕ್ಕಿಂತ ಬಿಸಿಯಿದ್ದರೆ ಕಳ್ಳ ಸಿಕ್ಕಿದ.

ಘಟ್ಟ ಇಳಿಯುವಾಗ ನ್ಯೂಟ್ರಲ್ಲಿಗೆ ಹಾಕಿ ಎಣ್ಣೆ ಉಳಿಸುವ ಹಳೆಯ ಚಾಳಿಯನ್ನೂ ಬಿಡಬೇಕು. ಅದು ಯಾವ ವಾಹನದಲ್ಲೂ ಅಪಾಯ. ಹೈಬ್ರಿಡ್‌ನಲ್ಲಿ ಅದು ನಷ್ಟವೂ ಹೌದು, ಏಕೆಂದರೆ ನ್ಯೂಟ್ರಲ್ಲಿನಲ್ಲಿ ಬ್ಯಾಟರಿ ತುಂಬುವುದಿಲ್ಲ.

ಕಡೆಯದು ಬ್ಯಾಟರಿಯ ವಯಸ್ಸು. ‘ಬ್ಯಾಟರಿ ಹೋಗಿದೆ, ಲಕ್ಷಗಳಾಗುತ್ತವೆ’ ಎಂಬ ಮಾತು ಕೇಳಿದೊಡನೆ ಎದೆಗುಂದಬೇಡಿ. ಸ್ಕ್ಯಾನರ್ ಹಚ್ಚಿ ಒಳಗಿನ ಘಟಕಗಳ ವೋಲ್ಟೇಜಿನ ವ್ಯತ್ಯಾಸ, ತಾಪ, ಫ್ಯಾನಿನ ವೇಗಗಳನ್ನು ಮುದ್ರಿಸಿ ಕೊಡಿರೆಂದು ಕೇಳಿ. ಭಾರತದಲ್ಲಿ ಟೊಯೋಟಾ ತನ್ನ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಟ್ಟಿದೆ. ಉಳಿದ ಕಂಪೆನಿಗಳದನ್ನು ಅವರವರ ಪುಸ್ತಿಕೆಯಲ್ಲಿ ನೋಡಿಕೊಳ್ಳಬೇಕು.

ಗಾಳಿಗುಂಡಿಯ ಗಾಳಿ

ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳನ್ನು ನೆಟ್ಟಿರುವುದು ಶೋಭೆಗಲ್ಲ. ಗಾಳಿಗುಂಡಿ ಬಸವಣ್ಣನ ನೆತ್ತಿಯ ಮೇಲೆ ನಿಂತವರಿಗೆ ಈ ಸೀಮೆಯ ಗಾಳಿಯ ಕಸುವು ಗೊತ್ತು. ಮುಂಗಾರಿನಲ್ಲಿ ಪಡುವಣದಿಂದ ಬೀಸುವ ಅದೇ ಗಾಳಿ ಪಡುವಣಕ್ಕೆ ಹೊರಟ ಕಾರಿನ ಎದೆಗೂ ಬಡಿಯುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 80 ಕಿ.ಮೀ. ವೇಗದ ಕಾರಿಗೆ 20 ಕಿ.ಮೀ. ಎದುರುಗಾಳಿ ಬಂದರೆ ಗಾಳಿಯ ಪಾಲಿಗೆ ಅದು 100 ಕಿ.ಮೀ. ವೇಗ, ತಡೆ ಒಂದೂವರೆ ಪಟ್ಟಿಗಿಂತ ಹೆಚ್ಚು. ಬೇಸಿಗೆಯಲ್ಲಿ ಎ.ಸಿ.ಯ ಹೊರೆ. ಅಮೆರಿಕದ ಅದೇ ಇಲಾಖೆಯ ಪ್ರಕಾರ ತೀವ್ರ ಸೆಕೆಯಲ್ಲಿ, ಅದರಲ್ಲೂ ಕಿರುಪ್ರಯಾಣಗಳಲ್ಲಿ, ಎ.ಸಿ. ಮೈಲೇಜನ್ನು ಶೇ. 25ಕ್ಕೂ ಹೆಚ್ಚು ತಗ್ಗಿಸಬಲ್ಲದು.

ಇವೆಲ್ಲ ಚಾಲಕನ ತಪ್ಪೆ? ಸೂರ್ಯನಿಗೂ ಗಾಳಿಗೂ ಚಾಲನಾ ತರಬೇತಿ ಕೊಡಿಸಬೇಕೆ?

ತೊಟ್ಟಿಯೊಳಗೆ ನಡೆದ ಬದಲಾವಣೆ

ಈಗ ಕಾರಿನಿಂದ ಹೊರಗೆ ಬರೋಣ. 2022ರ ಜೂನ್ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ಶೇ. 10 ಮುಟ್ಟಿತು. 2030ಕ್ಕೆಂದು ಇಟ್ಟುಕೊಂಡಿದ್ದ ಶೇ. 20ರ ಗುರಿಯನ್ನು 2025ಕ್ಕೇ ತಲುಪಲಾಯಿತು. ಲೀಟರಿಗೆ ಲೀಟರ್ ತೂಗಿದರೆ ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಭಾಗ ಶಕ್ತಿ ಕಡಿಮೆ. ಹಾಗಾಗಿ ಶೇ. 10ರ ಬೆರಕೆಯ ಕಾಲದಲ್ಲಿ ಕಾರು ಕೊಂಡವನು ಕಾರಿಗೆ ಏನನ್ನೂ ಮಾಡದೆಯೇ ಅವನ ಲೀಟರಿನೊಳಗಿನ ಶಕ್ತಿ ಸುಮಾರು ಶೇ. 3.5ರಷ್ಟು ಕಡಿಮೆಯಾಯಿತು. ಲೀಟರಿಗೆ 20 ಕಿ.ಮೀ. ಕೊಡುತ್ತಿದ್ದ ಕಾರು 19.3ಕ್ಕೆ ಇಳಿದರೆ ಅದನ್ನು ಯಾವ ಮೆಕ್ಯಾನಿಕ್ಕೂ ದುರಸ್ತಿ ಮಾಡಲಾರ.

ಇದು ಸರ್ಕಾರಕ್ಕೆ ತಿಳಿಯದ ಗುಟ್ಟಲ್ಲ. ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ ಎಥನಾಲ್ ಮಾರ್ಗಸೂಚಿಯೇ ಇದನ್ನು ಬರೆದಿಟ್ಟಿದೆ: ಶುದ್ಧ ಪೆಟ್ರೋಲಿಗೆಂದು ರೂಪಿಸಿ ಶೇ. 10ರ ಬೆರಕೆಗೆ ಹೊಂದಿಸಿದ ನಾಲ್ಕು ಚಕ್ರದ ವಾಹನಗಳಲ್ಲಿ ಶೇ. 20ರ ಬೆರಕೆಯಿಂದ ಶೇ. 6ರಿಂದ 7, ಶೇ. 10ಕ್ಕೆಂದು ರೂಪಿಸಿ ಶೇ. 20ಕ್ಕೆ ಹೊಂದಿಸಿದವುಗಳಲ್ಲಿ ಶೇ. 1ರಿಂದ 2ರಷ್ಟು ನಷ್ಟ. ಹೊಂದಿಸಿದ ಎಂಜಿನ್ನು ನಷ್ಟದ ಒಂದು ಪಾಲನ್ನು ತುಂಬಿಕೊಳ್ಳಬಲ್ಲದು, ಒಪ್ಪೋಣ. ಗ್ರಾಹಕನಿಗೆ ತೆರಿಗೆಯಲ್ಲಿ ಪರಿಹಾರ ಕೊಡುವ ಮಾತನ್ನೂ ಅದೇ ಮಾರ್ಗಸೂಚಿ ಆಡಿತ್ತು. ನಷ್ಟ ಬಂತು, ಪರಿಹಾರ ಬರಲಿಲ್ಲ. ಎಥನಾಲ್‌ರಹಿತ ಪೆಟ್ರೋಲಿನ ಆಯ್ಕೆ ಬೇಕೆಂದು ಸಲ್ಲಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ತಳ್ಳಿಹಾಕಿತು.

‘ರೈತನಿಗೆ ಲಾಭ, ಪರಿಸರಕ್ಕೆ ಹಿತ’ ಎಂಬ ಸಮರ್ಥನೆಯನ್ನು ನಮ್ಮ ತಾಲೂಕಿನ ನೆಲದ ಮೇಲೆಯೇ ಪರೀಕ್ಷಿಸೋಣ. ಕಬ್ಬಿನಿಂದ ಒಂದು ಲೀಟರ್ ಎಥನಾಲ್ ಪಡೆಯಲು ಕನಿಷ್ಠ 2,860 ಲೀಟರ್ ನೀರು ಬೇಕೆಂದು ಆ ಮಾರ್ಗಸೂಚಿಯೇ ಹೇಳುತ್ತದೆ. ಮುಂಡರಗಿ ತಾಲೂಕಿನ ತುಂಗಭದ್ರೆಯ ದಂಡೆಯಲ್ಲಿ ಕಬ್ಬು, ಅದೇ ತಾಲೂಕಿನ ಒಳನಾಡಿನಲ್ಲಿ ಕೆರೆಯ ತಳ ನೋಡುತ್ತ ಮಳೆಗೆ ಕಾಯುವ ಒಕ್ಕಲು. ಮೆಕ್ಕೆಜೋಳದ ಕತೆಯೂ ಭಿನ್ನವಲ್ಲ. ಎಥನಾಲಿನಿಂದ ಬೆಲೆ ಏರುತ್ತದೆಂದು ನಂಬಿ ಬಿತ್ತಿದವರು 2025ರ ನವೆಂಬರಿನಲ್ಲಿ, ಕ್ವಿಂಟಲಿಗೆ 2,400 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿದ್ದರೂ ಮಾರುಕಟ್ಟೆಯಲ್ಲಿ ಅದಕ್ಕಿಂತ ಬಹಳ ಕೆಳಗೆ ಮಾರಬೇಕಾಗಿ ಬಂದು, ಖರೀದಿ ಕೇಂದ್ರಕ್ಕಾಗಿ ಲಕ್ಷ್ಮೇಶ್ವರದಲ್ಲಿ ಧರಣಿ ಕೂತರು. ಚಾಲಕನೂ ಕಳೆದುಕೊಂಡ, ರೈತನೂ ಕಳೆದುಕೊಂಡ. ಗಳಿಸಿದವರು ಯಾರು?

ಪ್ರಯೋಗಾಲಯದ ಅಂಕಿ

ಕುಸಿತ ಎನ್ನಬೇಕಾದರೆ ಯಾವ ಎತ್ತರದಿಂದ ಎಂದು ಹೇಳಬೇಕಷ್ಟೆ. ಹೈರೈಡರ್ ಮತ್ತು ಗ್ರ್ಯಾಂಡ್ ವಿಟಾರಾ ಹೈಬ್ರಿಡ್‌ಗಳು ಮಾರುಕಟ್ಟೆಗೆ ಬಂದದ್ದು ಲೀಟರಿಗೆ 27.97 ಕಿ.ಮೀ. ಎಂಬ ಅಂಕಿಯೊಡನೆ. ದಶಮಾಂಶದ ಎರಡು ಸ್ಥಾನಗಳವರೆಗೆ! ಇಂಥ ಅಂಕಿಗಳು ಬರುವುದು ಉರುಳೆಗಳ ಮೇಲೆ ಕಾರು ನಿಲ್ಲಿಸಿ ನಡೆಸುವ, 1,180 ಸೆಕೆಂಡುಗಳ, ಗರಿಷ್ಠ 90 ಕಿ.ಮೀ. ವೇಗದ ಪರೀಕ್ಷೆಯಿಂದ. ಅಲ್ಲಿ ಎದುರುಗಾಳಿಯಿಲ್ಲ, ಏರಿಲ್ಲ, ಎ.ಸಿ. ಚಾಲನೆಯಲ್ಲಿಲ್ಲ, ಹಿಂದಿನ ಆಸನದಲ್ಲಿ ಮೂವರಿಲ್ಲ. ಅದು ಸುಳ್ಳಲ್ಲ, ಒಂದು ಕೋಣೆಯೊಳಗಿನ ಸತ್ಯ. ಕೋಣೆಯೊಳಗಿನ ಸತ್ಯವನ್ನು ಊರ ಸತ್ಯವೆಂದು ಮಾರುವುದೇ ವಂಚನೆ.

ಲೆಕ್ಕ ಹಾಕಿ ನೋಡಿ. ವರ್ಷಕ್ಕೆ 15,000 ಕಿ.ಮೀ. ಓಡುವ ಕಾರಿಗೆ 27.97ರಂತೆ 536 ಲೀಟರ್ ಸಾಕು. ರಸ್ತೆಯಲ್ಲಿ 20 ಸಿಕ್ಕರೆ 750 ಲೀಟರ್ ಬೇಕು. ವ್ಯತ್ಯಾಸ 214 ಲೀಟರ್. ಲೀಟರಿಗೆ 100 ರೂಪಾಯಿಯೆಂದು ಹಿಡಿದರೂ ವರ್ಷಕ್ಕೆ 21,400 ರೂಪಾಯಿ. ಬಾಡಿಗೆ ಕಾರು ಇದರ ಎರಡು ಮೂರು ಪಟ್ಟು ಓಡುತ್ತದೆ.

ಆ ಅಂಕಿಯ ಮೇಲೆ ಇನ್ನೊಂದು ಮಾಳಿಗೆಯನ್ನೂ ಕಟ್ಟಲಾಗಿದೆ. 2022-23ರಿಂದ ಜಾರಿಗೆ ಬಂದ ಎರಡನೆಯ ಹಂತದ ಇಂಧನ ಕ್ಷಮತೆಯ ನಿಯಮದಲ್ಲಿ ಕಂಪೆನಿ ಮಾರಿದ ಎಲ್ಲ ಕಾರುಗಳ ಸರಾಸರಿ ನೋಡುವಾಗ ಒಂದು ಪೂರ್ಣ ಹೈಬ್ರಿಡ್ ಕಾರನ್ನು ಎರಡಾಗಿ ಎಣಿಸಲು ಅವಕಾಶವಿದೆ. ಕೋಣೆಯೊಳಗಿನ ಅಂಕಿಯನ್ನು ಎರಡು ಬಾರಿ ಎಣಿಸಿದಾಗ ಅದರ ನೆರಳಿನಲ್ಲಿ ಭಾರಿ ಕಾರುಗಳು ನುಸುಳುತ್ತವೆ. ರಸ್ತೆಯ ಹೊಗೆ ಮಾತ್ರ ಒಂದೊಂದಾಗಿಯೇ ಎಣಿಕೆಯಾಗುತ್ತದೆ.

ಹೊರಗಿನ ದೇಶಗಳು ಇದನ್ನು ಮೌನವಾಗಿ ನುಂಗಿಕೊಳ್ಳಲಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2008ರ ಮಾದರಿಗಳಿಂದ ಹೆಚ್ಚಿನ ವೇಗ, ಎ.ಸಿ., ಚಳಿಗಳ ಪರೀಕ್ಷೆಯನ್ನೂ ಸೇರಿಸಿದಾಗ ಟೊಯೋಟಾ ಪ್ರಿಯಸ್‌ನ ಪೇಟೆ ಮೈಲೇಜ್ ಗ್ಯಾಲನ್ನಿಗೆ 60 ಮೈಲಿಯಿಂದ 48ಕ್ಕೆ ಇಳಿಯಿತು. ಕಾರು ಅದೇ, ಅಳೆಯುವ ಕೋಲು ಬದಲಾಗಿತ್ತು. 2013ರಲ್ಲಿ ಫೋರ್ಡ್ ತನ್ನ ಸಿ-ಮ್ಯಾಕ್ಸ್ ಹೈಬ್ರಿಡ್‌ನ ಅಂಕಿಯನ್ನು 47ರಿಂದ 43ಕ್ಕೆ ಇಳಿಸಿ ಮಾಲೀಕರಿಗೆ ಹಣ ಕೊಟ್ಟಿತು. ಯುರೋಪಿನಲ್ಲಿ 2021ರಿಂದ ಹೊಸ ಕಾರುಗಳೆಲ್ಲ ತಾವು ಕುಡಿದ ಇಂಧನವನ್ನು ತಾವೇ ದಾಖಲಿಸಿಡಬೇಕು. ಆ ದಾಖಲೆಗಳನ್ನು ಒಟ್ಟುಗೂಡಿಸಿ 2024ರಲ್ಲಿ ಯುರೋಪಿಯನ್ ಆಯೋಗ ಹೇಳಿದ್ದು, ಪೆಟ್ರೋಲ್, ಡೀಸೆಲ್ ಕಾರುಗಳು ಪ್ರಮಾಣಪತ್ರಕ್ಕಿಂತ ಸುಮಾರು ಶೇ. 20ರಷ್ಟು ಹೆಚ್ಚು ಕುಡಿಯುತ್ತವೆ ಎಂದು. ನಮ್ಮಲ್ಲೂ ದಾರಿ ಪೂರ್ತಿ ಮುಚ್ಚಿಲ್ಲ. ಜಾಹೀರಾತಿನಲ್ಲಿ ಲೀಟರಿಗೆ 32 ಕಿ.ಮೀ. ಎಂದು ಹೇಳಿ ಮಾರಿದ ಕಾರೊಂದರ ವಿಷಯದಲ್ಲಿ ಕೇರಳದ ತ್ರಿಶೂರಿನ ಗ್ರಾಹಕ ಆಯೋಗ 2022ರಲ್ಲಿ ಕೊಂಡವರಿಗೆ 3 ಲಕ್ಷ ರೂಪಾಯಿಗೂ ಹೆಚ್ಚು ಪರಿಹಾರ ಕೊಡಿಸಿತು.

ನಮ್ಮ ಒತ್ತಾಯಗಳು

ಒಂದು, ಪ್ರತಿ ಬಂಕಿನ ಪ್ರತಿ ನಳಿಕೆಯ ಮೇಲೆ ಎಥನಾಲಿನ ಪಾಲು ಕನ್ನಡದಲ್ಲಿ ಬರೆದಿರಬೇಕು. ಶಕ್ತಿ ಕಡಿಮೆಯಾದಷ್ಟು ಬೆಲೆಯೂ ಕಡಿಮೆಯಾಗಬೇಕು. ಹಳೆಯ ವಾಹನಗಳಿಗೆ ಕಡಿಮೆ ಬೆರಕೆಯ ಇಂಧನ ಸಿಗಬೇಕು.

ಎರಡು, ಪೇಟೆ, ಹೆದ್ದಾರಿ, ಎ.ಸಿ. ಸಹಿತ ಎಂಬ ಮೂರು ಅಂಕಿಗಳನ್ನು ಬೇರೆಬೇರೆಯಾಗಿ ಕಾರಿನ ಗಾಜಿನ ಮೇಲೆ ಅಂಟಿಸಿಯೇ ಮಾರಬೇಕು.

ಮೂರು, ಮೈಲೇಜಿನ ದೂರಿಗೆ ವರ್ಕ್‌ಶಾಪ್ ಬಾಯಿಮಾತಿನ ಉತ್ತರ ಕೊಡಕೂಡದು. ಬ್ಯಾಟರಿ, ಬ್ರೇಕ್, ಟೈರುಗಳ ಅಳತೆಗಳನ್ನೊಳಗೊಂಡ ಲಿಖಿತ ವರದಿ ಕೊಡಬೇಕು.

ನಾಲ್ಕು, ಹಸಿರು ಕಾರಿನ ಹೆಸರಿನಲ್ಲಿ ಕಂಪೆನಿಗಳು ಪಡೆಯುವ ಪ್ರತಿಯೊಂದು ರಿಯಾಯಿತಿಯೂ ರಸ್ತೆಯ ಮೇಲಿನ ಬಳಕೆಯನ್ನು ಆಧರಿಸಿರಬೇಕು.

ಐದು, ಇದೆಲ್ಲದರ ಮೇಲೆ ಬಸ್ಸು. ಲೀಟರಿಗೆ 5 ಕಿ.ಮೀ. ಮಾತ್ರ ಓಡುವ ಬಸ್ಸಿನಲ್ಲಿ 50 ಜನ ಕೂತರೆ ತಲೆಗೆ ಲೀಟರಿಗೆ 250 ಕಿ.ಮೀ. ಆಯಿತು. ಒಬ್ಬನೇ ಕೂತು ಓಡಿಸುವ ಯಾವ ಹೈಬ್ರಿಡ್ಡೂ ಇದರ ಹತ್ತಿರ ಸುಳಿಯದು. ನಮ್ಮ ಗುಡ್ಡದ ಬುಡದ ಊರುಗಳಿಗೆ ಹೊತ್ತಿಗೆ ಸರಿಯಾಗಿ ಬರುವ ಬಸ್ಸೇ ಎಲ್ಲಕ್ಕಿಂತ ಹಸಿರು ವಾಹನ.

ಕಾರು ಇಟ್ಟುಕೊಂಡಿರುವ ಮಿತ್ರರು ಇಂದಿನಿಂದಲೇ ತುಂಬಿಕೆಯ ಪುಸ್ತಕ ಬರೆಯಲು ತೊಡಗಲಿ. ಆರು ತಿಂಗಳ ಬಳಿಕ ಆ ಪುಟಗಳ ಪ್ರತಿಯನ್ನು ನಮಗೆ ಕಳುಹಿಸಲಿ. ಒಬ್ಬನ ಲೆಕ್ಕವನ್ನು ‘ಚಾಲನೆ ಸರಿಯಿಲ್ಲ’ ಎಂದು ತಳ್ಳಿಹಾಕಬಹುದು. ನೂರು ಜನರ ಲೆಕ್ಕ ಮೇಜಿನ ಮೇಲೆ ಬಿದ್ದ ದಿನ ಬೇರೆ ಉತ್ತರ ಹುಡುಕಲೇಬೇಕಾಗುತ್ತದೆ.